ಹಿತ್ತಿಲ ಮರವೂ ಒಳಗಿನ ಹುಳವೂ

(ಲೂಕನ ಸುವಾರ್ತೆಯ 13ನೆಯ ಅಧ್ಯಾಯದ 1ರಿಂದ 9ನೆಯ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ನಮ್ಮ ಕರ್ತನು ಹೇಳಿದ ಸಾಮ್ಯಗಳಲ್ಲಿ ಹಣ್ಣು ಕೊಡದ ಅಂಜೂರದ ಮರದ ಸಾಮ್ಯವು ನಿಮಗೆಲ್ಲರಿಗೂ ತಿಳಿದದ್ದೇ. ತೋಟದ ಯಜಮಾನನು ಮೂರು ವರುಷ ಬಂದು ಬಂದು ಹುಡುಕಿ, ಒಂದು ಹಣ್ಣನ್ನಾದರೂ ಕಾಣದೆ, ಅದನ್ನು ಕಡಿಯಬೇಕೆಂದು ಅಪ್ಪಣೆಕೊಟ್ಟನು. ತೋಟಗಾರನಾದರೋ ಇನ್ನೊಂದು ವರುಷದ ತಾಳ್ಮೆಯನ್ನು ಬೇಡಿಕೊಂಡನು. ಈ ಭಾಗವನ್ನು ಓದುವಾಗ ನಾವು ಯಜಮಾನನ ಬೇಸರವನ್ನೂ ಮರದ ಬಂಜೆತನವನ್ನೂ ಕುರಿತು ಆಲೋಚಿಸುವದುಂಟು. ತೋಟಗಾರನ ಕೈಯಲ್ಲಿದ್ದ ಗುದ್ದಲಿಯನ್ನು ನೋಡುವದು ಅಪರೂಪ. ಆತನು ಬರೀ ಸಮಯವನ್ನು ಬೇಡಲಿಲ್ಲ. ಮರದ ಬುಡವನ್ನು ಅಗೆದು ಗೊಬ್ಬರ ಹಾಕುವ ಕೆಲಸವನ್ನು ತನ್ನ ಮೇಲೆ ತೆಗೆದುಕೊಂಡು, ತನ್ನ ಬೆವರನ್ನೇ ಹೊಣೆಯಾಗಿಟ್ಟು ಬೇಡಿದನು. ದೇವರು ನಮಗೆ ಕೊಡುವ ಪ್ರತಿಯೊಂದು ವರುಷವೂ ಇಂಥಾ ವರುಷವೇ. ಅದು ಸುಮ್ಮನೆ ಕೂತು ಕಾಯುವದಕ್ಕಲ್ಲ, ಅಗೆಯುವದಕ್ಕಾಗಿ ಕೊಡಲ್ಪಟ್ಟದ್ದು.

ಮಳೆಗಾಲವು ಹತ್ತಿರವಾಗಿರುವ ಈ ತಿಂಗಳಲ್ಲಿ ನಾವು ಆ ಗುದ್ದಲಿಯ ವಿಷಯವಾಗಿ ಎರಡು ಮಾತು ಬರೆಯಲು ಮನಸ್ಸು ಮಾಡಿದ್ದೇವೆ. ನಮ್ಮ ಸಭೆಗಳಲ್ಲಿ ಬಹು ಮಂದಿಗೆ ಹೊಲಗದ್ದೆಗಳು ಅಷ್ಟಕ್ಕಷ್ಟೇ. ಮನೆಯ ಹಿಂದಣ ನಾಲ್ಕು ತೆಂಗು, ಒಂದು ಮಾವು, ಒಂದು ಹಲಸು, ಗುಡ್ಡೆಯ ಬದಿಯಲ್ಲಿ ಐದಾರು ಗೇರುಮರ, ಇಷ್ಟೇ ಆಸ್ತಿ. ಆದರೂ ಮಕ್ಕಳ ಪುಸ್ತಕದ ಹಣ, ದಿನದ ಸಾರಿಗೆ ಕಾಯಿ, ಮಳೆಗಾಲಕ್ಕೆ ಹಪ್ಪಳ, ಮದುವೆಯ ಚಪ್ಪರಕ್ಕೆ ಮಡಲು, ಸುಗ್ಗಿಯ ಆರಾಧನೆಯ ದಿನ ದೇವಾಲಯಕ್ಕೆ ತರುವ ಕಾಣಿಕೆ, ಇವೆಲ್ಲವೂ ಆ ಕೆಲವು ಮರಗಳಿಂದಲೇ ಬರುತ್ತವೆ. ಇಂಥಾ ಒಂದು ಮರ ಒಣಗಿದರೆ ಬಡವನ ಮನೆಯ ಒಂದು ಕಂಬವೇ ಬಿದ್ದ ಹಾಗೆ. ಗಾಳಿಗೆ ಬೀಳುವ ಮರಗಳನ್ನು ಎಲ್ಲರೂ ಕಾಣುತ್ತಾರೆ. ಒಳಗಿನ ಹುಳದಿಂದ ಸಾಯುವ ಮರಗಳನ್ನಾದರೋ ಸಾಯುವ ತನಕ ಒಬ್ಬರೂ ಕಾಣುವದಿಲ್ಲ.

ಈ ಶತ್ರುವಿನ ನಡತೆಯನ್ನು ಮೊದಲು ತಿಳಿಯೋಣ. ಮಾವಿನ ಮರವನ್ನೂ ಹಲಸಿನ ಮರವನ್ನೂ ಕೊರೆಯುವ ದುಂಬಿಯು ಸುಮಾರು ಎರಡು ಅಂಗುಲ ಉದ್ದವುಳ್ಳದ್ದು; ಬೂದಿಯ ಬಣ್ಣದ ಮೈಯೂ ಮೈಗಿಂತ ಉದ್ದವಾದ ಮೀಸೆಗಳೂ ಅದಕ್ಕುಂಟು. ಮಳೆ ಹಿಡಿಯುವ ಕಾಲದಲ್ಲಿ ಅದು ಹೊರಬಂದು, ರಾತ್ರಿಯಲ್ಲಿ ಹಾರಿ, ಕಾಂಡದ ತೊಗಟೆಯನ್ನು ಕಚ್ಚಿ ಸೀಳಿ, ಆ ಸೀಳಿನಲ್ಲಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಒಂದೆರಡು ವಾರಗಳಲ್ಲಿ ಮರಿ ಹೊರಟು ತೊಗಟೆಯ ಅಡಿಗೆ ಸೇರಿ, ಬರಬರುತ್ತಾ ಮರದ ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ಅದು ಕಾಲಿಲ್ಲದ, ಬೆಣ್ಣೆಯ ಬಣ್ಣದ, ಮೃದುವಾದ ಹುಳ. ಬೆರಳಿನಿಂದ ಒತ್ತಿದರೆ ಸಾಯುವಂಥಾದ್ದು. ಆದರೂ ಅದರ ಹಲ್ಲು ಗಟ್ಟಿ. ತಿಂಗಳುಗಟ್ಟಲೆ ಅದು ಒಳಗೆ ತಿನ್ನುತ್ತಾ ಮೂರು ಅಂಗುಲಕ್ಕೂ ಮಿಕ್ಕಿ ಬೆಳೆದು, ಅಲ್ಲಿಯೇ ಗೂಡುಕಟ್ಟಿ ದುಂಬಿಯಾಗಿ, ಮುಂದಿನ ಮಳೆಗೆ ಹೊರಬೀಳುತ್ತದೆ. ಬೇರಿನ ನೀರು ಮೇಲಕ್ಕೂ ಎಲೆಯ ಆಹಾರವು ಕೆಳಕ್ಕೂ ಹರಿಯುವ ದಾರಿಗಳು ತೊಗಟೆಯ ಒಳಗೂ ಅದರ ಬಳಿಯ ಎಳೆಯ ಮರದಲ್ಲಿಯೂ ಇರುವದರಿಂದ, ಆ ದಾರಿಯನ್ನು ಹುಳವು ಕಡಿದಾಗ ಕೊಂಬೆಯು ನಿಂತಲ್ಲೇ ಒಣಗುತ್ತದೆ. ಇದೇ ದುಂಬಿಯು ಅಂಜೂರದ ಮರವನ್ನೂ ಕೊರೆಯುತ್ತದೆ. ಕರ್ತನು ನಡೆದಾಡಿದ ದೇಶದಲ್ಲಿ ಈಗ ಅಂಜೂರದ ತೋಟಗಳವರು ಇದಕ್ಕೆ ಅಂಜುತ್ತಾರೆ.

ತೆಂಗಿಗೆ ಇಬ್ಬರು ಶತ್ರುಗಳು, ಅವರಿಬ್ಬರೂ ಜೊತೆಗಾರರು. ಮೊದಲನೆಯದು ಕುರುವಾಯಿ ಎಂದು ನಮ್ಮ ಕರಾವಳಿಯವರು ಕರೆಯುವ ಕರೀ ಕೊಂಬಿನ ದುಂಬಿ. ಅದು ಅರಳದ ಸುಳಿಯನ್ನು ಕೊರೆದು ರಸವನ್ನು ಹೀರುತ್ತದೆ. ಆ ಗರಿ ಅರಳಿದಾಗ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತದೆ. ಇದರ ಮರಿಗಳು ಬೆಳೆಯುವದು ಮರದಲ್ಲಲ್ಲ, ಗೊಬ್ಬರದ ಗುಂಡಿಯಲ್ಲಿಯೂ ಕೊಳೆತ ತೆಂಗಿನ ಬೊಡ್ಡೆಯಲ್ಲಿಯೂ. ಎರಡನೆಯದು ಕೆಂಪು ಮೂತಿಯ ಹುಳ. ಕುರುವಾಯಿ ಮಾಡಿದ ಗಾಯದ ವಾಸನೆಗೆ ಇದು ಬಂದು, ಗಾಯದಲ್ಲಿ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ 200ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಮರಿಗಳು ಕಾಂಡದೊಳಗಿನ ಮೆದುಭಾಗವನ್ನು ತಿಂದು ಪೊಳ್ಳು ಮಾಡುತ್ತವೆ. ಮಾವಿಗೆ ಒಂದು ಕೊಂಬೆ ಹೋದರೆ ಇನ್ನೊಂದುಂಟು. ತೆಂಗಿಗಾದರೋ ಒಂದೇ ಸುಳಿ. ಸುಳಿ ಸತ್ತರೆ ಮರವೇ ಸತ್ತಿತು. ಈ ಕೆಂಪು ಹುಳವು 1980ರ ದಶಕದಲ್ಲಿ, ಒಂದು ದೇಶದಿಂದ ಮತ್ತೊಂದಕ್ಕೆ ಸಾಗಿಸಿದ ಗಿಡಗಳೊಳಗೆ ಅಡಗಿ, ಅರಬ್ಬೀ ದೇಶಗಳ ಖರ್ಜೂರದ ತೋಟಗಳಿಗೂ ಹೋಗಿ ಸೇರಿತೆಂಬದನ್ನು ಅಲ್ಲಿ ದುಡಿಯುವ ನಮ್ಮ ಸಹೋದರರು ಬಲ್ಲರು.

ಈಗ ನಮ್ಮದೇ ತಪ್ಪನ್ನು ಹೇಳಬೇಕಾಗಿದೆ. ಉಪದೇಶಿಸುವವರು ಬೇರೆಯವರ ಹಿತ್ತಿಲನ್ನು ತೋರಿಸುವದು ಸುಲಭ. ನಮ್ಮ ಹಿತ್ತಿಲಿನ ಸಂಗತಿಯನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಸತ್ಯವಿರಲಾರದು.

ನಮ್ಮ ಮನೆಯ ಬಾವಿಯ ಬಳಿ ಒಂದು ಹಳೆಯ ಮಾವಿನ ಮರವಿತ್ತು. ಒಂದು ಬೇಸಗೆಯಲ್ಲಿ ಅದರ ಬುಡದಲ್ಲಿ ಮರದ ಪುಡಿ ಬಿದ್ದಿರುವದನ್ನು ಕಂಡೆವು. ಮುಂಜಾನೆ ಗುಡಿಸಿದೆವು, ಮರುದಿನ ತಿರುಗಿ ಅಷ್ಟೇ ಪುಡಿ. ಪ್ರತಿದಿನವೂ ಗುಡಿಸುತ್ತಾ ಬಂದೆವು. ಆ ತಿಂಗಳಲ್ಲಿ ಸಭೆಯ ಹಿರಿಯರು ಮನೆಗೆ ಬರುವವರಿದ್ದರು, ಅಂಗಳವು ಚೊಕ್ಕಟವಾಗಿರಬೇಕೆಂಬದೇ ನಮ್ಮ ಚಿಂತೆಯಾಗಿತ್ತು. ಪುಡಿ ಎಲ್ಲಿಂದ ಬೀಳುತ್ತದೆಂದು ಒಂದು ದಿನವಾದರೂ ತಲೆಯೆತ್ತಿ ನೋಡಲಿಲ್ಲ. ಹಿರಿಯರು ಬಂದು, ಅಂಗಳದ ಚೊಕ್ಕಟತನವನ್ನು ಹೊಗಳಿ, ಚಹಾ ಕುಡಿದು ಹೋದರು. ಮುಂದಿನ ವರುಷ ಮರದ ದೊಡ್ಡ ಕೊಂಬೆ ಹೂಬಿಡುವ ಕಾಲದಲ್ಲಿಯೇ ಒಣಗಿತು.

ಅದೇ ಹಿತ್ತಿಲಿನ ಮೂಲೆಯಲ್ಲಿ ಗಾಳಿಗೆ ಬಿದ್ದ ಒಂದು ತೆಂಗಿನ ಬೊಡ್ಡೆಯು ಎರಡು ಮಳೆಗಾಲ ಕೊಳೆಯುತ್ತಾ ಬಿದ್ದಿತ್ತು. ಅದರ ಪಕ್ಕದಲ್ಲಿ ವರುಷವಾದರೂ ತೆಗೆಯದ ಗೊಬ್ಬರದ ಗುಂಡಿ. ಬೇಲಿಯ ಆಚೆ ನಮ್ಮ ಸಭೆಯ ಒಬ್ಬ ವಿಧವೆಯ ಮನೆ. ಆಕೆಯ ಗಂಡನು ನೆಟ್ಟು ಹೋದ ನಾಲ್ಕು ತೆಂಗಿನ ಮರಗಳಿಂದ ಆಕೆಯು ಮೊಮ್ಮಗನ ಶಾಲೆಯ ಖರ್ಚನ್ನು ನಡಿಸುತ್ತಿದ್ದಳು. ಒಂದು ದಿನ ಅವುಗಳಲ್ಲಿ ಒಂದರ ನಡುಗರಿಗಳು ಬಾಡಿದವು. ಕಾಯಿ ಕೀಳುವ ಒಬ್ಬ ಹಿರಿಯ ಸಹೋದರನನ್ನು ಕರೆಸಿದರು. ಆತನು ಮರವನ್ನು ಹತ್ತುವದಕ್ಕೆ ಮುಂಚೆ ಕಾಂಡಕ್ಕೆ ಕಿವಿಯಿಟ್ಟು ಬಹಳ ಹೊತ್ತು ನಿಂತನು. ಆಮೇಲೆ ನಮ್ಮನ್ನು ಕರೆದು, “ಅಯ್ಯನವರೇ, ನೀವೂ ಕೇಳಿರಿ” ಅಂದನು. ನಾವು ಕಿವಿಯಿಟ್ಟಾಗ ಒಳಗೆ ಅಕ್ಕಿ ಅಗಿಯುವಂಥಾ ಸಣ್ಣ ಸದ್ದು ಕೇಳಿಸಿತು. ಹೊರಗೆ ಹಸುರಾಗಿ ನಿಂತ ಮರದೊಳಗೆ ನೂರು ಬಾಯಿಗಳು ಊಟಮಾಡುತ್ತಿದ್ದವು. ಆ ಸದ್ದನ್ನು ನಾವು ಇಂದಿಗೂ ಮರೆತಿಲ್ಲ.

ಆ ಮರವೂ ಅದರ ಜೊತೆಯ ಇನ್ನೊಂದೂ ಉಳಿಯಲಿಲ್ಲ. ಊರಲ್ಲಿ ನಾನಾ ಮಾತುಗಳು ಹುಟ್ಟಿದವು. ಯಾರದೋ ದೃಷ್ಟಿ ತಾಗಿತೆಂದು ಕೆಲವರು, ಯಾರೋ ಮಾಟ ಮಾಡಿಸಿದರೆಂದು ಕೆಲವರು ಹೇಳಿದರು. ನಮ್ಮವರಲ್ಲಿಯೇ ಒಬ್ಬರು, ಆಕೆಯು ಆರಾಧನೆಗೆ ತಪ್ಪಿದ ಭಾನುವಾರಗಳನ್ನು ಲೆಕ್ಕಮಾಡಿ, ದೇವರು ಶಿಕ್ಷಿಸಿದನೆಂದರು. ಪ್ರಿಯರೇ, ನಾವು ಓದಿದ ಅಧ್ಯಾಯದ ಆರಂಭವನ್ನು ತಿರುಗಿ ನೋಡಿರಿ. ಸಿಲೋವದ ಬುರುಜು ಬಿದ್ದು ಸತ್ತ 18 ಜನರು ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳೋ ಎಂಬ ವಿಷಯದಲ್ಲಿ ಕರ್ತನು ಅಲ್ಲವೆಂದೇ ಹೇಳಿ, ಕೇಳುವವರ ಬೆರಳನ್ನು ಅವರ ಎದೆಯ ಕಡೆಗೇ ತಿರುಗಿಸಿದನು. ಅಂಜೂರದ ಮರದ ಸಾಮ್ಯವು ಬರುವದು ಇದರ ಬೆನ್ನಲ್ಲೇ. ಆದಕಾರಣ ನೆರೆಯವನ ಮರ ಒಣಗಿದಾಗ ಅವನ ಪಾಪವನ್ನು ಹುಡುಕುವದು ನಮ್ಮ ಕೆಲಸವಲ್ಲ. ಗುದ್ದಲಿಯನ್ನು ಹಿಡಿದುಕೊಂಡು ಹೋಗುವದೇ ನಮ್ಮ ಕೆಲಸ.

ಹೀಗೆ ನಮ್ಮ ಮನಸ್ಸು ಚುಚ್ಚಲ್ಪಟ್ಟದ್ದರಿಂದ ನಮ್ಮ ಕೊಳೆತ ಬೊಡ್ಡೆಯನ್ನು ಸೀಳಿಸಿ ನೋಡಿದೆವು. ಅದರೊಳಗೂ ಗುಂಡಿಯ ಗೊಬ್ಬರದೊಳಗೂ ಬಾಗಿ ಮಲಗಿದ ಬಿಳೀ ಗೊಣ್ಣೆಹುಳಗಳು ಬುಟ್ಟಿ ತುಂಬ ಸಿಕ್ಕಿದವು. ಬೇಲಿಯ ಆಚೆಯ ಮರಗಳಿಗೆ ಗಾಯಮಾಡಿದ ಕುರುವಾಯಿಗಳು ನಮ್ಮ ಹಿತ್ತಿಲಲ್ಲಿಯೇ ಹುಟ್ಟಿದವುಗಳೆಂದು ನಾವು ಪ್ರಮಾಣಮಾಡಲಾರೆವು. ಅಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಆ ಸಾಯಂಕಾಲ ನಾವು ಆಕೆಯ ಮನೆಗೆ ಹೋಗಿ, “ಅಮ್ಮಾ, ನಿಮ್ಮ ಮರಗಳ ವಿಷಯದಲ್ಲಿ ನಮ್ಮ ತಪ್ಪಿದೆ” ಎಂದು ಎಲ್ಲವನ್ನೂ ಹೇಳಿದೆವು. ಆಕೆಯು ಸ್ವಲ್ಪ ಹೊತ್ತು ಸುಮ್ಮಗಿದ್ದು, “ಅಯ್ಯನವರೇ, ಪ್ರಾರ್ಥನೆ ಆಮೇಲೆ ಮಾಡೋಣ. ಮೊದಲು ಆ ಗುಂಡಿಯನ್ನು ಪೂರಾ ಅಗೆಸಿರಿ. ನನಗೆ ಇನ್ನೂ ಎರಡು ಮರಗಳಿವೆ” ಅಂದಳು. ನಾವು ಕೇಳಿದ ಪ್ರಸಂಗಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ನೇರವಾದದ್ದೂ ಬೇರೊಂದಿಲ್ಲ.

ಆ ಮೇಲೆ ತಿಳಿದವರನ್ನು ಕೇಳಿಯೂ ನಮ್ಮ ಕೈಯಿಂದ ಮಾಡಿಯೂ ಕಲಿತದ್ದನ್ನು ನಿಮ್ಮ ಉಪಯೋಗಕ್ಕಾಗಿ ಬರೆಯುತ್ತೇವೆ.

ಮೊದಲನೆಯದಾಗಿ, ನೋಡಿರಿ. ವಾರಕ್ಕೊಮ್ಮೆ ಪ್ರತಿಯೊಂದು ಮರವನ್ನು ಬುಡದಿಂದ ಕವಲಿನ ತನಕ ಸುತ್ತಿ ನೋಡಬೇಕು. ಮಾವು ಹಲಸುಗಳಲ್ಲಿ ಹಸೀ ಪುಡಿ ಉದುರುತ್ತಿದ್ದರೆ, ತೂತಿನಿಂದ ರಸ ಸೋರುತ್ತಿದ್ದರೆ, ಒಳಗೆ ಹುಳವು ಜೀವದಿಂದಿದೆ. ಗೇರುಮರದಲ್ಲಿ ಗುರುತು ಕಾಣುವದು ಬುಡದಲ್ಲಿಯೇ. ನೆಲದ ಮಟ್ಟದಲ್ಲಿಯೂ ಮೇಲೆ ಕಾಣುವ ಬೇರುಗಳಲ್ಲಿಯೂ ಅಂಟು ಸುರಿದು ಪುಡಿ ಸೇರಿಕೊಂಡಿರುತ್ತದೆ. ತೆಂಗಿನಲ್ಲಿ ಕಾಂಡದ ತೂತುಗಳಿಂದ ಕಂದು ಬಣ್ಣದ ರಸವೂ ಜಗಿದ ನಾರೂ ಹೊರಬರುತ್ತವೆ. ಎಲೆ ಹಳದಿಯಾಗುವದು, ಗರಿ ಬಾಡುವದು ಕೊನೆಯ ಗುರುತುಗಳು; ಅಷ್ಟರೊಳಗೆ ಶತ್ರುವು ಬಹುದೂರ ಹೋಗಿರುತ್ತಾನೆ.

ಎರಡನೆಯದಾಗಿ, ಹುಳವನ್ನು ಹೊರಗೆ ತೆಗೆಯಿರಿ. ಮಾವಿನ ಮರದ ತೂತನ್ನು ಚೂರಿಯಿಂದ ಶುದ್ಧಮಾಡಿ, ತುದಿ ಬಗ್ಗಿಸಿದ ತಂತಿಯನ್ನು ಒಳಗೆ ತೂರಿಸಿ ಹುಳವನ್ನು ಎಳೆಯಬೇಕು, ಇಲ್ಲವೆ ಅಲ್ಲಿಯೇ ಚುಚ್ಚಿ ಕೊಲ್ಲಬೇಕು. ತಂತಿಗೆ ಸಿಕ್ಕದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತೂತಿನೊಳಗೆ ತುರುಕಿ, ಬಾಯನ್ನು ಜೇಡಿಮಣ್ಣಿನಿಂದ ಮುಚ್ಚಬೇಕೆಂದು ಹಿಂದಿನಿಂದಲೂ ಹೇಳುತ್ತಾರೆ. ಮರುವಾರ ನೋಡುವಾಗ ಹೊಸ ಪುಡಿ ಬಿದ್ದಿದ್ದರೆ ತಿರುಗಿ ಮಾಡಬೇಕು. ಗೇರುಮರದ ಬುಡದಲ್ಲಾದರೆ ಕೆಟ್ಟ ತೊಗಟೆಯನ್ನು ಉಳಿಯಿಂದ ಮೆಲ್ಲನೆ ಕೆತ್ತಿ, ಅಡಿಯಲ್ಲಿರುವ ಹುಳಗಳನ್ನೆಲ್ಲ ಆರಿಸಿ ತೆಗೆಯಬೇಕು. ಒಳ್ಳೇ ತೊಗಟೆಯನ್ನು ಗಾಯಗೊಳಿಸಬಾರದು. ತೆಂಗಿನ ಸುಳಿಯೊಳಗಿನ ಕುರುವಾಯಿಯನ್ನು ಕೊಕ್ಕೆಯುಳ್ಳ ಕಬ್ಬಿಣದ ಕಡ್ಡಿಯಿಂದ ಚುಚ್ಚಿ ತೆಗೆಯುವದು ಮರ ಹತ್ತುವವರಿಗೆಲ್ಲ ತಿಳಿದದ್ದೇ.

ಮೂರನೆಯದಾಗಿ, ಗಾಯಮಾಡಬೇಡಿರಿ, ಆದ ಗಾಯವನ್ನು ತೆರೆದಿಡಬೇಡಿರಿ. ಹತ್ತುವದಕ್ಕಾಗಿ ತೆಂಗಿನ ಕಾಂಡಕ್ಕೆ ಕತ್ತಿಯಿಂದ ಮೆಟ್ಟಿಲು ಕಡಿಯುವದು ಕೆಂಪು ಹುಳಕ್ಕೆ ಬಾಗಿಲು ತೆರೆದಂತೆ. ಹಸೀ ಮಡಲನ್ನು ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕು ಅಡಿ ಬಿಟ್ಟು ಕಡಿಯಬೇಕು. ಆಗ ವಾಸನೆಗೆ ಬಂದ ಹುಳವು ದಿಂಡಿನಲ್ಲಿಯೇ ನಿಲ್ಲುತ್ತದೆ, ಕಾಂಡವನ್ನು ಸೇರುವದಿಲ್ಲ. ಆದ ಗಾಯಗಳಿಗೆ ಡಾಂಬರು ಹಚ್ಚಬೇಕು. ಸುಳಿಯ ಸುತ್ತಣ ಮೇಲಿನ ಮೂರು ಮಡಲುಗಳ ಸಂದಿಯಲ್ಲಿ ಕಾಲು ಕಿಲೋ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರಸಿ ವರುಷಕ್ಕೆ ಮೂರು ಸಾರಿ ತುಂಬಿಸಿದರೆ ಕುರುವಾಯಿಯು ದೂರವಾಗುತ್ತದೆ.

ನಾಲ್ಕನೆಯದಾಗಿ, ತೊಟ್ಟಿಲನ್ನು ತೆಗೆಯಿರಿ. ಗೊಬ್ಬರದ ಗುಂಡಿಯನ್ನು ಆಗಾಗ ಮಗಚಿ ಗೊಣ್ಣೆಹುಳಗಳನ್ನು ಆರಿಸಬೇಕು. ನಮ್ಮ ಗುಂಡಿಯ ಹುಳಗಳನ್ನು ಕೋಳಿಗಳು ಅರ್ಧ ದಿನದಲ್ಲಿ ಮುಗಿಸಿದವು. ಈ ಹುಳಗಳಿಗೆ ರೋಗ ತರುವ ಒಂದು ಹಸುರು ಬೂಷ್ಟನ್ನು ಬೆಳೆಸಿ ಗುಂಡಿಗೆ ಬೆರಸುವ ಉಪಾಯವೂ ಉಂಟು. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾಗಿ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಕಾಸರಗೋಡಿನ ಸಂಸ್ಥೆಯವರೂ, ಗೇರಿನ ವಿಷಯದಲ್ಲಿ 1986ರಿಂದ ಪುತ್ತೂರಿನಲ್ಲಿರುವ ಸಂಶೋಧನಾಲಯದವರೂ ಇಂಥಾ ವಿಷಯಗಳನ್ನು ಅರಿತವರು. ಕೆಂಪು ಹುಳವನ್ನು ವಾಸನೆಯಿಂದ ಕರೆದು ಹಿಡಿಯುವ ಬಕೆಟ್ಟಿನ ಬಲೆಗಳು ಸಹ ಇವೆ. ಆದರೆ ಒಬ್ಬನೇ ತನ್ನ ಹಿತ್ತಿಲಲ್ಲಿ ಅದನ್ನು ತೂಗಿಸಿದರೆ ಊರಿನ ಹುಳಗಳನ್ನೆಲ್ಲ ತನ್ನ ಎಳೆಯ ಮರಗಳ ಬಳಿಗೆ ಕರೆದ ಹಾಗಾದೀತು. ಊರವರು ಕೂಡಿ, ಸ್ಥಳ ಗೊತ್ತುಮಾಡಿ ಇಟ್ಟರೇ ಪ್ರಯೋಜನ.

ವಿಷದ ಕುರಿತು ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಕ್ಕಿದ ಔಷಧವನ್ನು ಕೇಳದೆ ತಂದು ಬಾವಿಯ ಬಳಿಯ ಮರಕ್ಕೆ ಸುರಿಯುವವರಿದ್ದಾರೆ. ಕೊರಕದ ತೂತಿಗೆ ಹಾಕಬೇಕೆಂದು ಹಿಂದೆ ಪುಸ್ತಕಗಳಲ್ಲಿ ಬರೆಯುತ್ತಿದ್ದ ಡೈಕ್ಲೋರ್‌ವಾಸ್ ಎಂಬ ವಿಷವನ್ನು ಭಾರತ ಸರಕಾರವು 2018ರ ಆಜ್ಞೆಯಿಂದ, 2020ನೆಯ ಡಿಸೆಂಬರ್ 31ರಿಂದ ಬಳಸಕೂಡದೆಂದು ನಿಷೇಧಿಸಿದೆ. ಕಾಸರಗೋಡು ಸೀಮೆಯ ಗೇರುತೋಪುಗಳಲ್ಲಿ ಚಿಗುರಿನ ರಸ ಹೀರುವ ಬೇರೊಂದು ಕೀಟಕ್ಕಾಗಿ ಎಂಡೋಸಲ್ಫಾನ್ ಎಂಬ ವಿಷವನ್ನು 2000ದ ತನಕ ಅನೇಕ ವರುಷ ಆಕಾಶದಿಂದ ಸುರಿಸಿದರು. ಅಲ್ಲಿನ ಮನೆಗಳಲ್ಲಿ ಮಕ್ಕಳೂ ದೊಡ್ಡವರೂ ಅನುಭವಿಸಿದ ಸಂಕಟವನ್ನು ನಮ್ಮ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. 2011ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ದೇಶದಲ್ಲೆಲ್ಲಾ ತಡೆಯಿತು. ತಂತಿಯಿಂದಲೂ ಉಳಿಯಿಂದಲೂ ಆಗುವ ಕೆಲಸಕ್ಕೆ ವಿಷ ಬೇಡ. ಅವುಗಳಿಂದ ಆಗದಿದ್ದರೆ ಕೃಷಿ ಇಲಾಖೆಯವರನ್ನಾಗಲಿ ತೋಟಗಾರಿಕೆಯವರನ್ನಾಗಲಿ ಕೇಳಿ, ಅವರು ಹೇಳಿದ್ದನ್ನೇ, ಹೇಳಿದಷ್ಟೇ ಬಳಸಿರಿ. ಮರವನ್ನು ಉಳಿಸಲು ಹೋಗಿ ಮಗುವನ್ನು ಕೆಡಿಸಬಾರದು.

ಐದನೆಯ ಮಾತು ಕಠಿಣವಾದದ್ದು. ಬುಡದ ತೊಗಟೆಯ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋದ ಗೇರುಮರವೂ ಸುಳಿ ಸತ್ತ ತೆಂಗೂ ತಿರುಗಿ ಚೇತರಿಸಿಕೊಳ್ಳುವದಿಲ್ಲ. ಅಂಥಾದ್ದನ್ನು ಮಳೆಗೆ ಮುಂಚೆ ಕಡಿದು, ಬೇರುಸಹಿತ ತೆಗೆದು, ಹುಳವಿರುವ ಭಾಗವನ್ನು ಸೀಳಿ ಸುಡಬೇಕು. ಅಪ್ಪನು ನೆಟ್ಟ ಮರವೆಂದು ಅನೇಕರು ಅದನ್ನು ನಿಂತ ಹಾಗೆಯೇ ಬಿಡುತ್ತಾರೆ. ಆ ದುಃಖವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಪಟ್ಟಣಕ್ಕೆ ಮುತ್ತಿಗೆ ಹಾಕುವ ಕಾಲದಲ್ಲಿಯೂ ಹಣ್ಣಿನ ಮರಗಳನ್ನು ಕಡಿಯಬಾರದೆಂದು ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲ್ಯರಿಗೆ ಆಜ್ಞೆಯಾಯಿತು. ಮರವು ದೇವರ ದಾನ. ಆದರೆ ಸತ್ತ ಮರದಲ್ಲಿ ಹುಟ್ಟುವ ದುಂಬಿಗೆ ನಿಮ್ಮ ಬೇಲಿಯ ಗುರುತು ತಿಳಿಯದು. ಸತ್ತದ್ದನ್ನು ಪ್ರೀತಿಯಿಂದ ಇಟ್ಟುಕೊಂಡರೆ ಬದುಕಿರುವ ನೆರೆಮರಗಳನ್ನು ಕೊಂದಂತಾಗುತ್ತದೆ. ಸಾಮ್ಯದ ಯಜಮಾನನು ಸಹ, ಆ ಮರವು ಭೂಮಿಯನ್ನು ವ್ಯರ್ಥಪಡಿಸುತ್ತದಲ್ಲಾ ಎಂದು ಮಿಕ್ಕ ತೋಟದ ಹಿತವನ್ನು ನೆನಸಿಯೇ ಮಾತಾಡಿದನು.

ಪ್ರಿಯ ಸಹೋದರ ಸಹೋದರಿಯರೇ, ಮರದ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಿದ ಮೇಲೆ ಮನುಷ್ಯನ ಸಂಗತಿಯನ್ನು ಬಹಳ ಹೇಳಬೇಕಾಗಿಲ್ಲ. ನಿಮ್ಮ ಮನಸ್ಸಾಕ್ಷಿಯು ಆಗಲೇ ಹೇಳುತ್ತಿರಬಹುದು. ನಮ್ಮನ್ನು ಬೀಳಿಸುವದು ಯಾವಾಗಲೂ ಹೊರಗಣ ಬಿರುಗಾಳಿಯಲ್ಲ. ಒಂದು ಚಿಕ್ಕ ಗಾಯದಲ್ಲಿ ಇಟ್ಟ ಒಂದು ಮೊಟ್ಟೆ ಸಾಕು. ಅಣ್ಣನು ಪಾಲಿನ ಹಿತ್ತಿಲಲ್ಲಿ ಒಂದು ಗೇಣು ಹೆಚ್ಚು ತೆಗೆದುಕೊಂಡನೆಂಬ ನೋವು, ಸಭೆಯ ಲೆಕ್ಕದಲ್ಲಿ ಬರೆಯದೆ ಬಿಟ್ಟ ಸ್ವಲ್ಪ ಹಣ, ಗುಟ್ಟಾಗಿ ಕುಡಿಯುವ ಒಂದು ಲೋಟ, ಇವು ಮೊದಲಲ್ಲಿ ಬೆರಳಿನಿಂದ ಒತ್ತಿದರೆ ಸಾಯುವಂಥಾ ಹುಳಗಳೇ. ಆದರೆ ನಾವು ಒತ್ತುವದಿಲ್ಲ, ಗುಡಿಸುತ್ತೇವೆ. ಭಾನುವಾರದ ಬಿಳೀ ಬಟ್ಟೆಯಿಂದ, ಗಟ್ಟಿಯಾದ ಕೀರ್ತನೆಯಿಂದ, ಪುಡಿ ಬಿದ್ದ ಅಂಗಳವನ್ನು ಪ್ರತಿವಾರವೂ ಗುಡಿಸಿ ಚೊಕ್ಕಟ ಮಾಡುತ್ತೇವೆ. ಬಂದವರು ಹೊಗಳಿ ಹೋಗುತ್ತಾರೆ. ರಾತ್ರಿಯಲ್ಲಿ ಎದೆಗೆ ಕಿವಿಯಿಟ್ಟು ಕೇಳುವಾತನಿಗಾದರೋ ಒಳಗಿನ ಸದ್ದು ಕೇಳಿಸುತ್ತಲೇ ಇರುತ್ತದೆ.

ಆಕಾನನ ವೃತ್ತಾಂತವನ್ನು ಯೆಹೋಶುವನ ಗ್ರಂಥದಲ್ಲಿ ಓದಿದ್ದೀರಿ. ಆತನು ಕದ್ದ ನಿಲುವಂಗಿಯೂ ಬೆಳ್ಳಿಬಂಗಾರವೂ ಡೇರೆಯ ನೆಲದಡಿಯಲ್ಲಿ ಹೂಳಲ್ಪಟ್ಟಿದ್ದವು. ಮೇಲಿನ ಚಾಪೆಯು ಬಹುಶಃ ಚೊಕ್ಕಟವಾಗಿಯೇ ಇದ್ದಿರಬೇಕು. ಆದರೂ ಆಯಿಯೆಂಬ ಊರ ಮುಂದೆ ಸೋತು ಸತ್ತವರು 36 ಮಂದಿ. ಅವರು ಆ ಬಂಗಾರವನ್ನು ಕಣ್ಣಿನಿಂದಲೂ ಕಂಡವರಲ್ಲ. ನಮ್ಮ ಗುಪ್ತ ಪಾಪವು ನಮ್ಮ ಬೇಲಿಯೊಳಗೆಯೇ ನಿಲ್ಲುತ್ತದೆಂದು ಒಬ್ಬರೂ ಮೋಸಹೋಗಬಾರದು. ತಂದೆಯ ಕುಡಿತವು ಮಗನ ಹೊಟ್ಟೆಯನ್ನು ಕೊರೆಯುತ್ತದೆ. ಇಬ್ಬರು ಹಿರಿಯರ ಹಗೆಯು ಸಭೆಯ ಎಳೆಯರ ವಿಶ್ವಾಸವನ್ನು ಕೊರೆಯುತ್ತದೆ. ನಮ್ಮ ಕೊಳೆತ ಬೊಡ್ಡೆಯ ಬೆಲೆಯನ್ನು ಬೇಲಿಯ ಆಚೆಯ ವಿಧವೆಯು ಕೊಟ್ಟಳು.

ಹಾಗಾದರೆ ಏನು ಮಾಡೋಣ? ಮರಕ್ಕೆ ಮಾಡಿದ್ದನ್ನೇ ಮಾಡೋಣ. ನೋಡೋಣ, ಹೆಸರು ಹಿಡಿದು ಹೊರಗೆ ತೆಗೆಯೋಣ, ಗಾಯವನ್ನು ಕಟ್ಟೋಣ, ಹುಳ ಬೆಳೆಯುವ ಗುಂಡಿಯನ್ನು ಅಗೆಯೋಣ, ಬಿಡಬೇಕಾದದ್ದನ್ನು, ಅದು ಎಷ್ಟು ಪ್ರಿಯವಾಗಿದ್ದರೂ, ಕಡಿದುಬಿಡೋಣ. ಮರವು ತನ್ನ ಹುಳವನ್ನು ತಾನೇ ತೆಗೆದುಕೊಳ್ಳಲಾರದು. ಅದಕ್ಕೆ ತೋಟಗಾರನ ಕೈ ಬೇಕು. ನಮಗೂ ಹಾಗೆಯೇ. ಆದರೆ ಮರಕ್ಕಿಲ್ಲದ ಒಂದು ಭಾಗ್ಯವು ನಮಗುಂಟು: ಬಾಯಿ ತೆರೆದು, “ಕರ್ತನೇ, ಇಲ್ಲಿ ಕೊರೆಯುತ್ತಿದೆ” ಎಂದು ಸ್ಥಳವನ್ನು ತೋರಿಸಬಲ್ಲೆವು. ಆತನ ತಂತಿಯು ನೋವುಂಟುಮಾಡುತ್ತದೆ. ಆದರೂ ಆ ಕೈಯಲ್ಲಿ ಮೊಳೆಯ ಗಾಯವಿದೆ. ನೋವು ಏನೆಂದು ಅದು ಬಲ್ಲದು. ಆತನ ಮುಂದೆ ಹೇಳಿದ ಮೇಲೆ, ಯಾರ ಬೇಲಿಯನ್ನು ನಮ್ಮ ಹುಳವು ದಾಟಿತೋ ಅವರ ಬಾಗಿಲಿಗೂ ಹೋಗಬೇಕು. ಇದು ಹೆಚ್ಚು ಕಷ್ಟವಾದದ್ದೆಂದು ನಾವು ಅನುಭವದಿಂದ ಹೇಳುತ್ತೇವೆ.

ಆ ವಿಧವೆಯ ಉಳಿದ ಎರಡು ಮರಗಳು ಈಗಲೂ ಕಾಯಿಬಿಡುತ್ತಿವೆ. ಸತ್ತವುಗಳ ಸ್ಥಳದಲ್ಲಿ ನಾವು ಎರಡು ಸಸಿಗಳನ್ನು ನೆಟ್ಟು ಕೊಟ್ಟೆವು. ಎತ್ತರದ ಜಾತಿಯ ತೆಂಗಾದ್ದರಿಂದ ಕಾಯಿ ಕಾಣಲು ಆರೇಳು ವರುಷ ಬೇಕು. ಕ್ಷಮಾಪಣೆಯು ಒಂದು ಸಾಯಂಕಾಲದಲ್ಲಿ ದೊರಕಿತು, ನಷ್ಟವು ತುಂಬಲು ಇನ್ನೂ ವರುಷಗಳು ಬೇಕು, ಇವೆರಡೂ ಸತ್ಯವೇ. ಅಷ್ಟು ವರುಷವೂ ಆಕೆಗೆ ಕಡಿಮೆಬೀಳುವ ಕಾಯಿಗಳನ್ನು ನಮ್ಮ ಮರಗಳಿಂದ ಕೊಡುವದೆಂದು ಗೊತ್ತುಮಾಡಿಕೊಂಡಿದ್ದೇವೆ. ಬಾವಿಯ ಬಳಿಯ ಮಾವು ಒಂದು ಕೊಂಬೆಯನ್ನು ಕಳಕೊಂಡು ಇನ್ನೂ ನಿಂತಿದೆ. ಅದರ ಬುಡವನ್ನು ನಾವು ಈಗ ನೋಡದೆ ಗುಡಿಸುವದಿಲ್ಲ.

ಈ ವಾರ ನೀವು ಒಂದು ಕೆಲಸ ಮಾಡಿರಿ. ಮಳೆ ಹಿಡಿಯುವದರೊಳಗೆ ಒಂದು ಮುಂಜಾನೆ ಮನೆಮಂದಿಯೆಲ್ಲ ಕೂಡಿ ಹಿತ್ತಿಲನ್ನು ಸುತ್ತಿರಿ. ಮಕ್ಕಳಿಗೆ ಪುಡಿಯ ಗುರುತನ್ನು ತೋರಿಸಿರಿ, ತೆಂಗಿಗೆ ಕಿವಿಯಿಟ್ಟು ಕೇಳಲು ಕಲಿಸಿರಿ. ಬೇಲಿಯ ಆಚೆಯವರು, ಯಾವ ಮತದವರೇ ಆಗಿರಲಿ, ಅವರ ಮರವನ್ನೂ ನೋಡಿಕೊಡಿರಿ. ಹುಳವು ಮತವನ್ನು ಕೇಳುವದಿಲ್ಲ, ಪ್ರೀತಿಯೂ ಕೇಳಬಾರದು. ಆ ಸಾಯಂಕಾಲ ದೀಪ ಹಚ್ಚಿದ ಮೇಲೆ ಒಬ್ಬೊಬ್ಬರೇ ತಮ್ಮ ಹೃದಯವೆಂಬ ಮರದ ಬುಡದಲ್ಲಿ ಮೊಣಕಾಲೂರಿರಿ.

ಇನ್ನೊಂದು ವರುಷವನ್ನು ನಮಗಾಗಿ ಬೇಡಿದ ತೋಟಗಾರನಾದ ಕರ್ತನು ನಮ್ಮನ್ನು ಶೋಧಿಸಿ, ಶುದ್ಧಿಮಾಡಿ, ತನ್ನ ಯಜಮಾನನ ಮುಂದೆ ಹಣ್ಣುಳ್ಳವರನ್ನಾಗಿ ನಿಲ್ಲಿಸಲಿ. ಆಮೆನ್.